ನಾನೂರು ಬಾಗಿಲಿನ ಗುಟ್ಟು

ಬೀಗಣ್ಣನಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು. ಊರಿನವರ ಗುಟ್ಟನ್ನೆಲ್ಲ ಬೀಗ ಹಾಕಿ ಕಾಪಾಡುವ ತನಗೆ ಸ್ವಂತದ್ದೊಂದು ಗುಟ್ಟು ಇಟ್ಟುಕೊಳ್ಳುವ ಯೋಗವಿಲ್ಲವಲ್ಲ ಎಂಬುದು. (ಬೀಗಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಬೀಗ ರಿಪೇರಿ ಮಾಡಿದವನನ್ನು ಬೀದಿ ಇನ್ನೇನೆಂದು ಕರೆದೀತು? ಅವನು ಯಾರಿಗೂ ಬೀಗನಲ್ಲ. ಬೀಗುವುದರಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ.)

ದೂರಿಗೆ ಮೂಲ ಕಾರಣ ಬ್ಯಾಂಕು. ಗಂಡ ಹೆಂಡತಿ ಸೇರಿ ಜಂಟಿ ಖಾತೆ ತೆರೆಯಲು ಹೋದ ದಿನವೇ ಅವನ ಮೊಬೈಲು ಜೇಬಿನಿಂದ ಜಾರಿ ಚರಂಡಿಗೆ ಬಿದ್ದಿತ್ತು. ಅರ್ಜಿಯಲ್ಲಿ ಹೆಂಡತಿಯ ನಂಬರು ಬರೆದ. ಅಂದಿನಿಂದ ಅವನು ಊರಿನ ಯಾವ ಮೂಲೆಯಲ್ಲಿ ಕೈ ಬಿಚ್ಚಿದರೂ ಅವಳ ಫೋನು ಟಿಣ್ ಅನ್ನುತ್ತಿತ್ತು. ಹಾಗಂತ ಆಕೆ ಜಗಳಗಂಟಿಯಲ್ಲ. ಬೈಯುವವಳೂ ಅಲ್ಲ, ಮುಖ ಗಂಟಿಕ್ಕುವವಳೂ ಅಲ್ಲ. ಸಂಜೆ ಬಟ್ಟೆ ಮಡಚುತ್ತಾ ತಲೆಯೆತ್ತದೆ, "ರೀ, ಇದೇನು?" ಎನ್ನುತ್ತಿದ್ದಳು, ಅಷ್ಟೇ. ಆ ಒಂದು ಮಾತಿಗೆ ಬೀಗಣ್ಣ ತಡಬಡಾಯಿಸಿ, ಅವಳು ಕೇಳಿದ ಖರ್ಚಿನ ಜೊತೆಗೆ ಕೇಳದೇ ಇದ್ದ ಇನ್ನೂ ಮೂರು ಖರ್ಚುಗಳನ್ನು ತಾನಾಗಿಯೇ ಒಪ್ಪಿಕೊಂಡುಬಿಡುತ್ತಿದ್ದ.

ಇಂಥವನಿಗೆ ಒಂದು ದೊಡ್ಡ ಆಸೆ ಹುಟ್ಟಿತು. ಬಸ್ ನಿಲ್ದಾಣದ ಹಿಂದಿನ ಗುಜರಿ ಅಂಗಡಿಗೆ, ಯಾವುದೋ ಮುಚ್ಚಿಹೋದ ಬ್ಯಾಂಕಿನಿಂದ, ಆಳೆತ್ತರದ ಕಬ್ಬಿಣದ ತಿಜೋರಿಯೊಂದು ಬಂದು ಕೂತಿತ್ತು. ಕೀಲಿಕೈ ಇಲ್ಲ, ಅಂಕಿ ತಿರುಗಿಸುವ ಹಿತ್ತಾಳೆಯ ಚಕ್ರ ಮಾತ್ರ. ಆ ಅಂಕಿ ಗೊತ್ತಿದ್ದವನು ಸತ್ತು ಎಷ್ಟು ಕಾಲವಾಯಿತೋ. ಬೀಗಣ್ಣ ವಾರಕ್ಕೊಮ್ಮೆ ಹೋಗಿ ಅದರ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಚಕ್ರ ತಿರುಗಿಸಿ ಬರುತ್ತಿದ್ದ. ತಿಜೋರಿಯಲ್ಲಿ ಇಡಲು ಮನೆಯಲ್ಲಿ ಏನಿತ್ತು ಎಂದು ಕೇಳಬೇಡಿ. ಏನೂ ಇರಲಿಲ್ಲ. ಆಸೆಗೂ ಅಗತ್ಯಕ್ಕೂ ಸಂಬಂಧ ಕಲ್ಪಿಸುವುದು ಹೆಂಗಸರ ಕೆಲಸ ಎಂಬುದು ಅವನ ಖಚಿತ ಅಭಿಪ್ರಾಯ. (ಈ ಅಭಿಪ್ರಾಯವನ್ನು ಅವನು ಅಂಗಡಿಯಲ್ಲಿ ಮಾತ್ರ ವ್ಯಕ್ತಪಡಿಸುತ್ತಿದ್ದ.)

ಮನೆಯಲ್ಲಿ ತಿಜೋರಿಯ ಸುದ್ದಿ ಎತ್ತುವ ಹಾಗೇ ಇರಲಿಲ್ಲ. ವಾಷಿಂಗ್ ಮಷಿನ್ನು ಕೆಟ್ಟು ಎಂಟು ತಿಂಗಳಾಗಿತ್ತು. ಹೆಂಡತಿ ದೊಡ್ಡ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ದಿನವಿಡೀ ಫೈಲು ಎತ್ತಿಟ್ಟು ಬಂದು, ಸಂಜೆ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಉಜ್ಜುತ್ತಿದ್ದಳು. ಹೊಸದೊಂದು ತರೋಣವೇ ಎಂದು ಅವಳು ಕೇಳಿದಾಗಲೆಲ್ಲ ಬೀಗಣ್ಣ ನಿಟ್ಟುಸಿರು ಬಿಟ್ಟು, "ವ್ಯಾಪಾರ ಬಿದ್ದುಹೋಗಿದೆ ಕಣೇ. ಜನ ಬೀಗ ಹಾಕೋದನ್ನೇ ಬಿಟ್ಟಿದಾರೆ," ಎನ್ನುತ್ತಿದ್ದ. ಅವಳು ನಂಬುತ್ತಿದ್ದಳು. ರೆಕಾರ್ಡ್ ರೂಮಿನಲ್ಲಿ ಅವಳಿಗೊಂದು ನೇಮ: ಯಾರಾದರೂ ಕೇಳಿದ ಫೈಲನ್ನು ಬಿಟ್ಟು ಬೇರೆ ಫೈಲು ತೆರೆಯಬಾರದು. ಅರ್ಧ ಊರಿನ ಮೂಲವ್ಯಾಧಿಯ ಕತೆ ಅವಳ ಕಪಾಟಿನಲ್ಲಿತ್ತು. ಹದಿನಾರು ವರ್ಷದಲ್ಲಿ ಒಂದಕ್ಷರ ಹೊರಗೆ ಬಂದಿರಲಿಲ್ಲ. ಗಂಡನ ಮಾತನ್ನೂ ಅವಳು ಹಾಗೇ ಮುಚ್ಚಿದ ಫೈಲಿನಂತೆ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಗಡ್ಡದವರಿಂದ ಕರೆ ಬಂತು. ಗಡ್ಡದವರು ಎದುರು ಕಟ್ಟಡದ ನಾಲ್ಕನೇ ಮಹಡಿಯ ಬಾಡಿಗೆದಾರರು. ಕಂಪ್ಯೂಟರಿನಲ್ಲಿ ಅದೇನೋ ಕೆಲಸ, ಹೊರಗೆ ಬರುವುದೇ ಅಪರೂಪ. ಅವತ್ತು ಸ್ನಾನಕ್ಕೆ ಹೊರಟವರು ಕಸದ ಚೀಲ ಹೊರಗಿಡಲೆಂದು ಒಂದು ಹೆಜ್ಜೆ ಆಚೆ ಬಂದಿದ್ದಾರೆ, ಗಾಳಿಗೆ ಬಾಗಿಲು ದಢಾರನೆ ಹಾಕಿಕೊಂಡಿದೆ. ಬೀಗಣ್ಣ ಹೋಗಿ ನೋಡಿದರೆ ಸೊಂಟಕ್ಕೆ ಟವೆಲು, ಒಂದು ಕೈಯಲ್ಲಿ ಕಸ, ಇನ್ನೊಂದರಲ್ಲಿ ಫೋನು. ಆರು ನಿಮಿಷದಲ್ಲಿ ಬಾಗಿಲು ತೆರೆಯಿತು. ಗಡ್ಡದವರು ಅಲ್ಲೇ ನಿಂತು ಫೋನಿನಿಂದಲೇ ಹಣ ಕೊಡುತ್ತೇನೆ ಎಂದರು.

"ಫೋನಿಂದ ಬೇಡ ಸಾರ್," ಎಂದು ಬೀಗಣ್ಣ ಬೆಚ್ಚಿದ. "ನಮ್ಮನೆಯವಳಿಗೆ ಟಿಣ್ ಅನ್ನತ್ತೆ."

"ಬ್ಯಾಂಕಿಂದಲ್ಲ ರೀ. ಕ್ರಿಪ್ಟೋ. ಡಿಜಿಟಲ್ ನಾಣ್ಯ. ಇದರಲ್ಲಿ ಹೆಸರಿಲ್ಲ, ಊರಿಲ್ಲ, ಬ್ಯಾಂಕಿನ ಗುಮಾಸ್ತ ಇಲ್ಲ. ನಿಮ್ಮ ಕೀ ನಿಮ್ಮ ಹತ್ರ ಇರೋವರೆಗೂ ಬ್ರಹ್ಮ ಬಂದ್ರೂ ಮುಟ್ಟೋಕಾಗಲ್ಲ."

ಬೀಗಣ್ಣನ ಕಿವಿ ನೆಟ್ಟಗಾಯಿತು. ಕೀ ಇರುವ ಹಣ! ಹೆಸರಿಲ್ಲದ ಹಣ! ಟಿಣ್ ಅನ್ನದ ಹಣ! ಇಂಥದ್ದೊಂದು ಭೂಲೋಕದಲ್ಲಿ ಇದ್ದೂ ತಾನು ಇಷ್ಟು ವರ್ಷ ಹಿತ್ತಾಳೆ ಉಜ್ಜಿಕೊಂಡು ಕೂತಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಮರುಕ ಬಂತು. ಗಡ್ಡದವರು ಅವನ ಫೋನಿನಲ್ಲಿ ಒಂದು ಖಾತೆ ಮಾಡಿಕೊಟ್ಟರು, ಹನ್ನೆರಡು ಪದಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಇದೇ ನಿಮ್ಮ ಮೂಲ ಕೀ, ಜೋಪಾನ ಎಂದರು. ಆಮೇಲೆ, "ಆದರೆ ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು, ನೋಡಿ..." ಎಂದು ಶುರುಮಾಡುವಷ್ಟರಲ್ಲಿ ಟವೆಲು ಸಡಿಲವಾಯಿತು. ಅವರು ಒಳಗೆ ಓಡಿದರು, ಇವನು ಮೆಟ್ಟಿಲಿಳಿದು ಓಡಿದ. ಆ "ಆದರೆ" ನಾಲ್ಕನೇ ಮಹಡಿಯಲ್ಲೇ ಉಳಿಯಿತು.

ಹನ್ನೆರಡು ಪದದ ಚೀಟಿಯನ್ನು ಬೀಗಣ್ಣ ಕಾಪಾಡಿದ ಬಗೆಯನ್ನು ಮೆಚ್ಚಲೇಬೇಕು. ಅಂಗಡಿಯ ಗೋಡೆಗೆ ನೇತುಹಾಕಿದ್ದ, ತೆಂಗಿನಕಾಯಿ ಗಾತ್ರದ ಕೆಟ್ಟ ಬೀಗವೊಂದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ತೆಗೆದು, ಚೀಟಿಯನ್ನು ಸುರುಳಿ ಸುತ್ತಿ ಇಟ್ಟು, ಮತ್ತೆ ರಿವೆಟ್ ಹೊಡೆದು ಅಲ್ಲೇ ನೇತುಹಾಕಿದ. ಕಳ್ಳನ ಅಜ್ಜ ಬಂದರೂ ಸಿಕ್ಕುವ ಮಾತಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಬೀಗಣ್ಣ ಹೇಗಾಗುತ್ತಿದ್ದ? ಬೀಗ ರಿಪೇರಿಯವರಲ್ಲಿ ಒಂದು ಪದ್ಧತಿಯುಂಟು. ಕೆಲಸ ಮುಗಿದ ಮೇಲೆ ಬಾಗಿಲ ಚೌಕಟ್ಟಿಗೆ, ಹೊರಗಡೆ, ತಮ್ಮ ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸಿ ಬರುವುದು. ಬಾಗಿಲು ಹಾಕಿಕೊಂಡು ಆಚೆ ನಿಂತವನಿಗೆ ಎದುರಿಗೆ ಕಾಣಬೇಕಲ್ಲ. ಬೀಗಣ್ಣ ಹೊಸ ಸ್ಟಿಕ್ಕರ್ ಮಾಡಿಸಿದ. ಹಳದಿ ಬಣ್ಣ, ಮೇಲೆ ಫೋನ್ ನಂಬರು, ಕೆಳಗೆ ತನ್ನ ನಾಣ್ಯದ ಖಾತೆಯ ಕಪ್ಪು ಬಿಳಿ ಚೌಕ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, "ಗುಟ್ಟಾಗಿ ಪಾವತಿಸಿ. ಯಾರಿಗೂ ತಿಳಿಯುವುದಿಲ್ಲ."

ನಾನೂರು ಸ್ಟಿಕ್ಕರ್. ಹಳೆಯ ಗಿರಾಕಿಗಳ ಮನೆಗೆಲ್ಲ ತಾನಾಗಿ ಹೋಗಿ ಅಂಟಿಸಿದ. ಸಲೂನಿನ ಗಾಜಿನ ಬಾಗಿಲಿಗೆ, ಔಷಧಿ ಅಂಗಡಿಯ ಶಟರಿಗೆ, ಗುಜರಿಯವನ ಗೇಟಿಗೆ. ತಾವಿದ್ದ ಮಹಡಿಯ ಕೆಳಗಿನ ಮನೆಯ ಬಾಗಿಲಿಗೂ ಒಂದು. ಕೊನೆಗೆ ಉಳಿದದ್ದನ್ನು ವ್ಯರ್ಥ ಮಾಡುವುದೇಕೆಂದು ತನ್ನ ಮನೆಯ ಬಾಗಿಲಿಗೂ. ಹೆಂಡತಿ ಅದನ್ನು ನೋಡಿ, "ನಿಮ್ಮನೇ ಬೀಗ ಕೆಟ್ರೆ ನಿಮಗೇ ಫೋನ್ ಮಾಡ್ಬೇಕಾ?" ಎಂದು ನಕ್ಕಳು. ಆ ಚೌಕ ಏನೆಂದು ಕೇಳಲಿಲ್ಲ. ಯಾರೂ ಕೇಳದ ಫೈಲು.

ನಾಣ್ಯದಲ್ಲಿ ಕೊಡುವ ಗಿರಾಕಿಗಳು ವಾರಕ್ಕೆ ಇಬ್ಬರೋ ಮೂವರೋ. ಅದಕ್ಕೇನಂತೆ, ಬೀಗಣ್ಣ ದಿನವೂ ನಾಲ್ಕು ಗಂಟೆಗೆ ಅಂದಿನ ಸಂಪಾದನೆಯ ಅರ್ಧವನ್ನು ಜೇಬಿಗೆ ತುರುಕಿಕೊಂಡು ಗಡ್ಡದವರ ಮನೆಗೆ ಹತ್ತುತ್ತಿದ್ದ. ನೋಟು ಅವರಿಗೆ, ನಾಣ್ಯ ಇವನಿಗೆ. ಗಡ್ಡದವರು ಸದಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೊಂದಿಗೋ ಮೀಟಿಂಗಿನಲ್ಲಿರುತ್ತಿದ್ದರು, ಮಾತಿಗೆ ಪುರುಸೊತ್ತಿಲ್ಲ. ಆರು ತಿಂಗಳಲ್ಲಿ ಖಾತೆಯಲ್ಲಿ ಸೊನ್ನೆ ಪಾಯಿಂಟ್ ಎಂಟು ಚಿಲ್ಲರೆ ಜಮೆಯಾಯಿತು. (ಇಡೀ ಒಂದು ನಾಣ್ಯವೂ ಇಲ್ಲವೇ ಎಂದು ಮೂಗು ಮುರಿಯಬೇಡಿ. ಆ ನಾಣ್ಯದ ಒಂದು ಚೂರು ಮಾರಿದರೂ ಎರಡು ವಾಷಿಂಗ್ ಮಷಿನ್ನು ಬರುತ್ತಿತ್ತು.) ಮನೆಯಲ್ಲಿ ಫೋನು ಟಿಣ್ ಅನ್ನಲಿಲ್ಲ. "ಇದೇನು" ಕೇಳಿಬರಲಿಲ್ಲ. ಬೀಗಣ್ಣ ಮಹಾ ಗುಪ್ತಚರನಂತೆ ಕಾಲರ್ ಎತ್ತಿಕೊಂಡು ತಿರುಗತೊಡಗಿದ.

ಆದರೆ ಊರು ಸ್ವಲ್ಪ ವಿಚಿತ್ರವಾಗಿ ವರ್ತಿಸಲಾರಂಭಿಸಿತು.

ಮೊದಲು ಸಲೂನಿನವನು. ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ, "ಅಣ್ಣಾ, ಮಂಗಳವಾರ ಜೋರಾಗಿತ್ತಂತಲ್ಲ ವ್ಯಾಪಾರ!" ಎಂದ. ಅಂದು ಒಂದು ಹೋಟೆಲಿನ ಇಪ್ಪತ್ತು ಬೀಗ ಬದಲಿಸಿದ್ದು ನಿಜ. ಇವನಿಗೆ ಹೇಗೆ ಗೊತ್ತಾಯಿತು?

ಆಮೇಲೆ ಗಿರಾಕಿಗಳ ಚೌಕಾಸಿ. ಮೂರನೇ ಬೀದಿಯ ಪಿಟೀಲು ಮೇಡಂ, "ನಿನ್ನೆ ಬೆಳಿಗ್ಗೆ ಯಾರ ಹತ್ರಾನೋ ಇದರಲ್ಲಿ ಅರ್ಧ ತಗೊಂಡಿದೀರಿ. ನನಗೆ ಯಾಕೆ ದುಬಾರಿ?" ಎಂದು ಗದರಿದರು. ಔಷಧಿ ಅಂಗಡಿಯವನು, "ಈ ವಾರ ಎರಡು ದಿನ ಏನೂ ಬಂದಿಲ್ಲ, ಮೈ ಹುಷಾರಿಲ್ವಾ?" ಎಂದು ಕಾಳಜಿಯಿಂದ ಕೇಳಿದ. ಗೊತ್ತೇ ಇಲ್ಲದ ಒಬ್ಬ ಮುದುಕರು ರಸ್ತೆಯಲ್ಲಿ ತಡೆದು, "ಸೊನ್ನೆ ಪಾಯಿಂಟ್ ಎಂಟು ದಾಟಿತು. ಒಂದು ಮುಟ್ಟಿಸಿಬಿಡಪ್ಪ, ನಾವೆಲ್ಲ ಕಾಯ್ತಿದೀವಿ," ಎಂದು ಬೆನ್ನು ತಟ್ಟಿ ಹೋದರು.

ಬೀಗಣ್ಣನಿಗೆ ಸಂಶಯ ಹುಟ್ಟಿತು. ಫೋನಿಗೆ ಯಾರೋ ಕಿವಿಯಿಟ್ಟಿದ್ದಾರೆ! ಅಥವಾ ಮನೆಯಲ್ಲೇ ಗೂಢಚಾರಿಕೆ ನಡೆದಿದೆ! ಅಂದಿನಿಂದ ರಕ್ಷಣಾ ಕಾರ್ಯಾಚರಣೆ ಶುರುವಾಯಿತು. ಫೋನಿಗೆ ಅಡುಗೆಮನೆಯ ಬೆಳ್ಳಿಕಾಗದ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ. ಡಬ್ಬಿಗೊಂದು ಬೀಗ. ಡಬ್ಬಿಯಿಟ್ಟ ಬೀರುವಿಗೊಂದು ಬೀಗ. ಬೀರುವಿದ್ದ ಕೋಣೆಗೆ ಎರಡು. ಎರಡೇ ವಾರದಲ್ಲಿ ಮನೆಯೊಳಗೆ ಹದಿಮೂರು ಬೀಗವಾಯಿತು. ಹೆಂಡತಿ ಒಂದು ಕಂಬಳಿ ತೆಗೆಯಬೇಕಾದರೆ ನಾಲ್ಕು ಕೀಲಿಕೈ ಹುಡುಕಬೇಕು.

"ರೀ, ಏನಾಗಿದೆ ನಿಮಗೆ? ಈ ಮನೆಯಲ್ಲಿ ಕದಿಯೋಕೆ ಇರೋದು ನಿಮ್ಮ ಹಳೇ ಬನಿಯನ್ನು, ನನ್ನ ಬೆನ್ನು ನೋವಿನ ಮುಲಾಮು."

"ಮೆಲ್ಲಗೆ ಮಾತಾಡೇ! ಗೋಡೆಗೂ ಕಿವಿ ಇರತ್ತೆ."

"ಗೋಡೆ ಕೆಳಗಡೆ ಇರೋದು ಕೆಳಗಿನ ಮನೆಯವರ ಅತ್ತೆ. ಅವರಿಗೆ ಎರಡು ಕಿವೀನೂ ಕೇಳಲ್ಲ."

"ನಿನಗಿದೆಲ್ಲ ಅರ್ಥ ಆಗಲ್ಲ. ಇವತ್ತಿನ ಕಾಲದಲ್ಲಿ ಮನುಷ್ಯನಿಗೆ ಖಾಸಗಿತನ ಮುಖ್ಯ. ಖಾಸಗಿತನ!"

"ನಿಮ್ಮ ಖಾಸಗಿತನ ಆಮೇಲೆ. ಬಚ್ಚಲು ಮನೆ ಕೀ ಎಲ್ಲಿಟ್ಟಿದೀರಿ, ಅದು ಹೇಳಿ ಮೊದಲು!"

ಈ ನಡುವೆ ಅವಳ ಬೆನ್ನು ನೋವು ಹೆಚ್ಚಾಗಿ, ದೊಡ್ಡ ಬಟ್ಟೆಗಳನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಕೆಳಗಿನ ಮನೆಯಾಕೆಯ ಮಷಿನ್ನಿಗೆ ಹಾಕಲು ಹೋಗತೊಡಗಿದಳು. ಕೇಳಲು ನಾಚಿಕೆಯಾಗಿ ಎರಡು ದಿನ ಯೋಚಿಸಿ ಆಮೇಲೆ ಹೋಗಿದ್ದಳು. "ನಮ್ಮನೆಯವರಿಗೆ ವ್ಯಾಪಾರ ಇಲ್ಲ," ಎಂದಿದ್ದಳು. ಇದನ್ನು ಕೇಳಿ ಬೀಗಣ್ಣನಿಗೆ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಚುರುಕ್ ಎಂದಿತು. ನಿಜವಾಗಿಯೂ ಎಂದಿತು. ಆದರೆ ತಿಜೋರಿ ಕಣ್ಣಮುಂದೆ ಬಂದು ನಿಂತಿತು, ಚುರುಕ್ ಎಂದದ್ದು ಮರೆತುಹೋಯಿತು.

ಇನ್ನು ತಡಮಾಡಬಾರದೆಂದು ಒಂದು ಬೆಳಿಗ್ಗೆ ಗುಜರಿಯವನ ಬಳಿಗೆ ಹೋದ. ಹೋಗುವ ಮುಂಚೆ ಬಡವನ ವೇಷ ಹಾಕಿದ. ಗುಂಡಿ ಕಿತ್ತ ಅಂಗಿ, ಸವೆದ ಚಪ್ಪಲಿ, ಎರಡು ದಿನದ ಗಡ್ಡ. ತಿಜೋರಿಯ ಕಡೆ ನೋಡಿಯೂ ನೋಡದಂತೆ ಒಂದು ಹಳೆಯ ಕೊಕ್ಕೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಆ ಹಳೇ ಪೆಟ್ಟಿಗೆ ಇನ್ನೂ ಹೋಗಿಲ್ವಾ? ಪಾಪ, ಜಾಗಕ್ಕೆ ದಂಡ. ಏನೋ ಒಂದು ಹೇಳು, ನೋಡೋಣ. ನನ್ನ ಹತ್ರ ಅಂತೂ ಕಾಸಿಲ್ಲ."

ಗುಜರಿಯವನು ತೂಕದ ಕಲ್ಲನ್ನು ಕೆಳಗಿಟ್ಟು ಕೈಯೊರೆಸಿಕೊಂಡ. ಫೋನನ್ನು ಒಮ್ಮೆ ನೋಡಿದ.

"ಸೊನ್ನೆ ಪಾಯಿಂಟ್ ಎಂಟು ಮೂರು ಏಳು ಎರಡು," ಎಂದ.

ಬೀಗಣ್ಣನ ಕೈಯಿಂದ ಕೊಕ್ಕೆ ಬಿತ್ತು. ಅದು ಅವನ ಖಾತೆಯ ಮೊತ್ತ. ಕೊನೆಯ ಅಂಕಿಯವರೆಗೂ ಸರಿಯಾಗಿ.

"ಅದು... ಅದೇ ಯಾಕೆ?"

"ನಿಮ್ಮ ಹತ್ರ ಎಷ್ಟಿದೆಯೋ ಅಷ್ಟೇ ಅಲ್ವಾ ಹೇಳಿದ್ದು. ಒಂದು ಪೈಸೆ ಜಾಸ್ತಿ ಹೇಳಿದ್ರೆ ಕೇಳಿ. ನಿನ್ನೆ ನಾಲ್ಕು ಗಂಟೆಗೆ ನೀವು ಹಾಕಿದ್ದೂ ಸೇರಿಸಿದೀನಿ."

"ನಿನಗೆ ಯಾರು ಹೇಳಿದ್ದು?"

ಗುಜರಿಯವನು ತನ್ನ ಗೇಟಿನ ಕಡೆ ಬೆರಳು ತೋರಿಸಿದ. ಅಲ್ಲಿ ಹಳದಿ ಸ್ಟಿಕ್ಕರ್ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ನೀವೇ ಹೇಳಿದ್ದು! ಆ ಚೌಕಕ್ಕೆ ಫೋನ್ ಹಿಡಿದ್ರೆ ಒಂದು ಉದ್ದದ ನಂಬರ್ ಬರತ್ತೆ. ಅದನ್ನ ಇಂಟರ್ನೆಟ್‌ನಲ್ಲಿ ಹಾಕಿದ್ರೆ ಎಲ್ಲಾ ಬರತ್ತೆ. ಎಷ್ಟು ಬಂತು, ಯಾವತ್ತು ಬಂತು, ಎಷ್ಟು ಗಂಟೆಗೆ ಬಂತು. ನಮ್ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಎಲ್ರೂ ನೋಡ್ತೀವಿ. ಟೀವಿಗಿಂತ ಚೆನ್ನಾಗಿದೆ."

ಬೀಗಣ್ಣ ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದ. ಗಡ್ಡದವರ ಕಿವಿಯಿಂದ ಹೆಡ್‌ಫೋನ್ ಕಿತ್ತು, "ಸಾರ್, ಅವತ್ತು ಏನೋ 'ಆದರೆ' ಅಂದ್ರಲ್ಲ, ಅದನ್ನ ಪೂರ್ತಿ ಹೇಳಿ!" ಎಂದ.

ಗಡ್ಡದವರು ಸ್ಟಿಕ್ಕರಿನ ಕತೆ ಕೇಳಿ ಎರಡು ಕೈಯಿಂದಲೂ ಗಡ್ಡ ಹಿಡಿದುಕೊಂಡರು.

"ನಾನೂರಾ? ಒಂದೇ ವಿಳಾಸನಾ? ಅದರ ಪಕ್ಕದಲ್ಲೇ ಫೋನ್ ನಂಬರಾ? ರೀ, ಇದು ತಿಜೋರಿ ಅಲ್ಲ, ಗಾಜಿನ ಬೀರು. ಬೀಗ ಗಟ್ಟಿ, ಯಾರೂ ಕದಿಯೋಕಾಗಲ್ಲ. ಆದರೆ ಒಳಗೆ ಇರೋದು ಪ್ರಪಂಚಕ್ಕೆಲ್ಲ ಕಾಣತ್ತೆ. ಹೆಸರು ಒಂದು ಬರೆದಿರಲ್ಲ, ಅಷ್ಟೇ. ಆ ಹೆಸರನ್ನ ನೀವೇ ಊರ ತುಂಬಾ ಅಂಟಿಸಿಬಿಟ್ರಿ! ಇನ್ನು ಈ ನಾಣ್ಯದ ಲೆಕ್ಕದ ಪುಸ್ತಕದಲ್ಲಿ ಬರೆದದ್ದನ್ನ ಅಳಿಸೋಕೆ ಯಾರಿಂದಲೂ ಆಗಲ್ಲ."

"ಮುಂಚೆನೇ ಹೇಳ್ಬಾರ್ದಿತ್ತಾ ಸಾರ್?"

"ಟವೆಲ್ ಹಿಡ್ಕೊಂಡು ಎಷ್ಟು ಅಂತ ಹೇಳ್ಲಿ?"

ಮಿಂಚಿನಂತೆ ಒಂದು ಉಪಾಯ ಹೊಳೆಯಿತು ಬೀಗಣ್ಣನಿಗೆ. ಹೊಸ ಖಾತೆ ತೆರೆದು, ಗಡ್ಡದವರು ಬೇಡ ಬೇಡ ಎನ್ನುವಷ್ಟರಲ್ಲಿ ಹಳೆಯದರಲ್ಲಿ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಅದಕ್ಕೆ ಸಾಗಿಸಿದ. ಎದೆಯ ಮೇಲೆ ಕೈಯಿಟ್ಟು ಕೂತ. ಕೂತ ಹತ್ತು ನಿಮಿಷಕ್ಕೆ ಸಲೂನಿನವನ ಫೋನು ಬಂತು. "ಅಣ್ಣಾ, ಮನೆ ಬದಲಾಯಿಸಿದ್ರಾ? ಹಳೇದರಿಂದ ಹೊಸದಕ್ಕೆ ಗೆರೆ ಎಳೆದು ತೋರಿಸ್ತಿದೆ. ಅಡ್ಡಿಯಿಲ್ಲ, ನಾವು ಅಲ್ಲಿಗೇ ಬರ್ತೀವಿ."

ಕಾಲರ್ ತಾನಾಗಿಯೇ ಕೆಳಗಿಳಿಯಿತು. ಆ ಮಧ್ಯಾಹ್ನವೆಲ್ಲ ಬೀಗಣ್ಣ ಕೈಯಲ್ಲಿ ಅಗಲದ ಉಳಿ, ಸೀಮೆಎಣ್ಣೆಯ ಡಬ್ಬಿ ಹಿಡಿದು ಮನೆ ಮನೆ ಅಲೆದ. ಒಳ್ಳೆಯ ಅಂಟು ಹಾಕಿಸಿದ್ದ, ಸ್ಟಿಕ್ಕರ್ ಬಣ್ಣದ ಸಮೇತ ಕಿತ್ತು ಬರುತ್ತಿತ್ತು. ಪಿಟೀಲು ಮೇಡಂ ಬಾಗಿಲು ಹಾಳಾಯಿತೆಂದು ಬೈದರು. ಒಂದಿಬ್ಬರು ಕೀಳಲು ಬಿಡಲೇ ಇಲ್ಲ, ದಿನವೂ ನೋಡಿ ಅಭ್ಯಾಸವಾಗಿಬಿಟ್ಟಿದೆ ಎಂದರು. ಹದಿನೇಳನೆಯ ಬಾಗಿಲಿಗೆ ಅವನು ಕೈ ಚೆಲ್ಲಿದ.

ಮನೆಗೆ ಬಂದಾಗ ಹೆಂಡತಿ ನಡುಮನೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು. ಅದರಲ್ಲಿ ಒಗೆಯದ ಬಟ್ಟೆ, ತೆಗೆದುಕೊಂಡು ಹೋದದ್ದು ಹೋದಂತೆಯೇ ವಾಪಸು ಬಂದಿತ್ತು.

"ರೀ."

"ಹ್ಞೂಂ."

"ಸೊನ್ನೆ ಪಾಯಿಂಟ್ ಎಂಟು ಮೂರು ಏಳು ಎರಡು."

ಈ ಸಲ ಅವಳು "ಇದೇನು" ಎಂದು ಕೇಳಲಿಲ್ಲ.

"ಕೆಳಗಿನ ಮನೆಯವರು ಹೇಳಿದ್ರು," ಎಂದಳು. ದನಿ ಏರಲಿಲ್ಲ. "'ಅಷ್ಟು ಇಟ್ಕೊಂಡು ನಮ್ಮನೆ ಮಷಿನ್ನಿಗೆ ಬರ್ತೀರಲ್ಲ, ಕರೆಂಟ್ ಬಿಲ್ಲಾದ್ರೂ ಕೊಡಬಹುದಿತ್ತು' ಅಂದ್ರು. ಮೊದಲನೇ ದಿನ ನಾನು 'ವ್ಯಾಪಾರ ಇಲ್ಲ' ಅಂದಾಗ ಅವರ ಮುಖದಲ್ಲಿ ಒಂಥರಾ ನಗು ಇತ್ತು. ಕನಿಕರ ಅಂದ್ಕೊಂಡಿದ್ದೆ ನಾನು."

"ಅದು... ನಾನು... ತಿಜೋರಿ..."

"ಹಾಲು ಹಾಕೋರಿಗೆ ಗೊತ್ತು. ಔಷಧಿ ಅಂಗಡಿಯವರಿಗೆ ಗೊತ್ತು. ಕೆಳಗಿನ ಮನೆಯ ಕಿವಿ ಕೇಳದೇ ಇರೋ ಅತ್ತೆಗೂ ಗೊತ್ತು ಕಣ್ರೀ! ಊರಲ್ಲಿ ಗೊತ್ತಿಲ್ಲದೇ ಇದ್ದೋಳು ನಾನೊಬ್ಬಳೇ. ಚೌಕ ನಮ್ಮ ಬಾಗಿಲಲ್ಲೇ ಇತ್ತು. ನಿಮ್ಮದು ಅಂತ ನಾನು ನೋಡ್ಲಿಲ್ಲ."

ಬೀಗಣ್ಣನಿಗೆ ಅಳುವೇ ಬಂತು. ಹದಿಮೂರು ಬೀಗ, ಬೆಳ್ಳಿಕಾಗದ, ಬಿಸ್ಕತ್ತಿನ ಡಬ್ಬಿ, ಇಷ್ಟೆಲ್ಲ ಸಾಹಸ ಮಾಡಿ ಅವನು ಜಗತ್ತಿನಲ್ಲಿ ಒಬ್ಬರಿಂದ ಮಾತ್ರ ಗುಟ್ಟನ್ನು ಯಶಸ್ವಿಯಾಗಿ ಕಾಪಾಡಿದ್ದ. ಆ ಒಬ್ಬಳು ಇಣುಕುವವಳೇ ಅಲ್ಲ. ಅವಳ ಒರಟಾದ ಬೆರಳುಗಳನ್ನು ನೋಡಿದ. ಸೋಪಿಗೆ ತುದಿಗಳು ಬಿರುಕು ಬಿಟ್ಟಿದ್ದವು. ಎದ್ದು ಅಂಗಡಿಗೆ ಹೋಗಿ ತೆಂಗಿನಕಾಯಿ ಗಾತ್ರದ ಬೀಗ ತಂದು, ಅವಳೆದುರಿಗೇ ಸುತ್ತಿಗೆಯಿಂದ ಒಡೆದು, ಸುರುಳಿ ಚೀಟಿಯ ಜೊತೆಗೆ ಹೊಸ ಖಾತೆಯ ಚೀಟಿಯನ್ನೂ ಸೇರಿಸಿ ಅವಳ ಕೈಯಲ್ಲಿಟ್ಟ.

"ತಗೋ. ಇದೇ ಕೀ. ಇದು ಯಾರ ಹತ್ರ ಇರತ್ತೋ ಎಲ್ಲಾ ಅವರದ್ದೇ. ನೀನೇ ನೋಡ್ಕೋ. ನನಗೇನೂ ಬೇಡ."

ಕೋಪ, ನಾಚಿಕೆ, ಪ್ರೀತಿ ಮೂರೂ ಕೂಡಿ ಬಂದಾಗ ಗಂಡಸರು ಇಂಥ ಮಾತಾಡಿಬಿಡುತ್ತಾರೆ. ಎದುರಿಗಿರುವವರು ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ ಎಂಬ ಧೈರ್ಯ. ಆದರೆ ಇವಳು ರೆಕಾರ್ಡ್ ರೂಮಿನವಳು.

ಅವಳು ಎರಡು ದಿನ ರಜೆ ಹಾಕಿ, ಒಂದು ನೋಟ್‌ಬುಕ್ಕು ಹಿಡಿದು ಗಡ್ಡದವರ ಮನೆಗೆ ಹೋದಳು. ಏನೇನು ಯಾರ್ಯಾರಿಗೆ ಕಾಣುತ್ತದೆ, ಯಾಕೆ ಕಾಣಬೇಕು, ಕಾಣದಿದ್ದರೆ ಯಾರಿಗೆ ನಷ್ಟ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಗಡ್ಡದವರು ಹೆಡ್‌ಫೋನ್ ತೆಗೆದಿಟ್ಟು ಕುರ್ಚಿ ಹಾಕಿದರು. "ಆರು ವರ್ಷದಿಂದ ಎಲ್ರಿಗೂ ಹೇಳ್ತಾನೇ ಇದೀನಿ. ಕೊನೇವರೆಗೂ ಕೇಳಿದೋರು ನೀವೊಬ್ರೇ," ಎಂದು ಗದ್ಗದಿತರಾದರು.

ಅವಳು ಮಾಡಿದ್ದರಲ್ಲಿ ಮಾಯಮಂತ್ರವೇನೂ ಇರಲಿಲ್ಲ. ನಾಣ್ಯವನ್ನು, ಸಾವಿರಾರು ಜನರ ನಾಣ್ಯ ಒಂದೇ ಕೊಳಕ್ಕೆ ಬಂದು ಬಿದ್ದು ಯಾರದ್ದು ಯಾವುದೆಂದು ಹೊರಗಿನವರಿಗೆ ತಿಳಿಯದಂಥ ರಿಜಿಸ್ಟರ್ ಆದ ವಿನಿಮಯ ಕೇಂದ್ರದ ಮೂಲಕ ಮಾರಿದಳು. ತನ್ನ ಗುರುತಿನ ಚೀಟಿ ಕೊಟ್ಟಳು, ತೆರಿಗೆ ಕಟ್ಟಿದಳು. ಒಂದು ಪಾಲು ತನ್ನ ಹೆಸರಿನ ಬ್ಯಾಂಕ್ ಖಾತೆಗೆ. ಉಳಿದದ್ದರಿಂದ ಮತ್ತೆ ನಾಣ್ಯ ಕೊಂಡು ತನ್ನದೇ ಇನ್ನೊಂದು ಹೊಸ ಖಾತೆಯಲ್ಲಿ, ಒಂದೊಂದು ಕಂತಿಗೆ ಒಂದೊಂದು ಹೊಸ ವಿಳಾಸದಲ್ಲಿ ಇಟ್ಟಳು. ಅಂಗಡಿಗೆ ಬರುವ ಪ್ರತಿ ಗಿರಾಕಿಗೂ ಬೇರೆ ಬೇರೆ ಚೌಕ ಬರುವ ಹಾಗೆ ಮಾಡಿದಳು. ಒಂದರಿಂದ ಇನ್ನೊಂದು ಗೊತ್ತಾಗುವುದಿಲ್ಲ. ಹೊಸ ಹನ್ನೆರಡು ಪದ ಎಲ್ಲಿಟ್ಟಳೋ ಅವಳಿಗೊಬ್ಬಳಿಗೆ ಗೊತ್ತು.

ಊರಿನ ಫೋನುಗಳಲ್ಲಿ ಬೀಗಣ್ಣನ ಮೊತ್ತ ಸೊನ್ನೆಗಿಳಿಯಿತು. ಬೀದಿಯಲ್ಲಿ ಸೂತಕದ ಕಳೆ. ಔಷಧಿ ಅಂಗಡಿಯವನು ಯಾರಾದರೂ ದೋಚಿದರೇ ಎಂದು ಕಣ್ಣೀರು ಹಾಕಿದ.

ಮಾರನೇ ವಾರ ಮನೆಗೆ ವಾಷಿಂಗ್ ಮಷಿನ್ನು ಬಂತು. ಕೆಳಗಿನ ಮನೆಗೆ ಕರೆಂಟ್ ಬಿಲ್ಲಿನ ಹಣ ಹೋಯಿತು, ಲಕೋಟೆಯಲ್ಲಿ, ಒಂದು ಮಾತೂ ಇಲ್ಲದೆ. ಅದರ ಮಾರನೇ ದಿನ ಅವಳು ಗುಜರಿ ಅಂಗಡಿಗೆ ಹೋದಳು. ಗುಜರಿಯವನು ಫೋನು ನೋಡಿದ, ಸೊನ್ನೆ. ಮತ್ತೊಮ್ಮೆ ಉಜ್ಜಿ ನೋಡಿದ, ಸೊನ್ನೆ. ಎಷ್ಟು ಕೇಳಬೇಕೆಂದು ತೋಚದೆ ಕಬ್ಬಿಣದ ತೂಕಕ್ಕೆ ಕೊಟ್ಟುಬಿಟ್ಟ. ನಾಲ್ಕು ಜನ ಹೊತ್ತು ತಂದು ತಿಜೋರಿಯನ್ನು ನಡುಮನೆಯಲ್ಲಿಟ್ಟಾಗ ಬೀಗಣ್ಣ ಎಳೆಯ ಮಗುವಿನಂತೆ ಅದನ್ನು ಅಪ್ಪಿಕೊಂಡ. ಒಂದು ಭಾನುವಾರ ಪೂರ್ತಿ ಕಿವಿಯಿಟ್ಟು ಅದನ್ನು ತೆರೆದ. ಅವನ ಬಾಳಿನಲ್ಲಿ ಅಷ್ಟು ಸುಖದ ಭಾನುವಾರ ಬಂದಿರಲಿಲ್ಲ.

"ಈಗ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು ಹೆಂಡತಿ. ಕರಕರ ಸದ್ದಾಯಿತು. ಹೊಸ ಅಂಕಿ ಹಾಕಿ ಬಾಗಿಲು ಮುಚ್ಚಿದಳು.

ಅವಳು ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಬೀಗಣ್ಣ ಹನ್ನೊಂದೇ ನಿಮಿಷದಲ್ಲಿ ಆ ಬಾಗಿಲು ತೆರೆದ ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಒಳಗೆ ಎರಡು ಕಂಬಳಿ, ನಾಲ್ಕು ನುಸಿಗುಳಿಗೆ. ಕಂಬಳಿಯನ್ನು ಕೊಡವಿ ಕೂಡ ನೋಡಿದ. ಮೆಲ್ಲಗೆ ಮುಚ್ಚಿದ. ಆಮೇಲೆ ತಡೆಯಲಾಗದೆ ಒಂದು ಸಂಜೆ ಕೇಳಿಯೇಬಿಟ್ಟ.

"ಅಲ್ಲ ಕಣೇ, ಈಗ ಒಟ್ಟು ಎಷ್ಟಿದೆ?"

"ಸಾಕಷ್ಟಿದೆ."

"ಸಾಕಷ್ಟು ಅಂದ್ರೆ? ಒಂದು ಅಂದಾಜು?"

"ಸಂಬಂಧ ಇಲ್ಲದೋರಿಗೆ ಹೇಳೋ ಅಭ್ಯಾಸ ನಮ್ಮ ಡಿಪಾರ್ಟ್‌ಮೆಂಟಿನಲ್ಲಿಲ್ಲ."

"ನಾನು ಸಂಬಂಧ ಇಲ್ಲದೋನೇನೇ? ತಾಳಿ ಕಟ್ಟಿದ ಗಂಡ!"

"ಹಾಗಿದ್ರೆ ಕಾರಣ ಬರೆದು ಒಂದು ಅರ್ಜಿ ಕೊಡಿ. ನೋಡೋಣ."

ಅರ್ಜಿ ಬರೆಯಲು ಕೂತ. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಮೂರು ದಿನ ಯೋಚಿಸಿದ. ಬರೆಯಬಹುದಾದ ಕಾರಣ ಒಂದೂ ಹೊಳೆಯಲಿಲ್ಲ, ಹೊಳೆದ ಕಾರಣಗಳು ಬರೆಯುವಂಥವಲ್ಲ. ಈಗ ಅಂಗಡಿಯ ನಗದು ಸಂಜೆ ಸಂಜೆಗೆ ಅವಳ ಕೈಗೆ ಹೋಗುತ್ತದೆ, ಗಿರಾಕಿಗಳ ನಾಣ್ಯ ನೇರವಾಗಿ ಅವಳ ಚೌಕಗಳಿಗೆ ಹೋಗುತ್ತದೆ.

ಮೊನ್ನೆ ಬೆಳಿಗ್ಗೆ ಬೀಗಣ್ಣ ಸಲೂನಿನ ಕುರ್ಚಿಯಲ್ಲಿ ಒರಗಿದ್ದ. ಬೆಂಚಿನ ಮೇಲೆ ಗುಜರಿಯವನು, ಔಷಧಿ ಅಂಗಡಿಯವನು, ಆ ಗೊತ್ತಿಲ್ಲದ ಮುದುಕರು ಸಾಲಾಗಿ ಕೂತಿದ್ದರು. ಸಲೂನಿನವನು ನೊರೆ ಬಳಿದು, ಕತ್ತಿಯನ್ನು ಸರಿಯಾಗಿ ಗಂಟಲಿನ ಮೇಲಿಟ್ಟು ಬಗ್ಗಿ ಪಿಸುಗುಟ್ಟಿದ.

"ಅಣ್ಣಾ, ವಾಷಿಂಗ್ ಮಷಿನ್ ಬಂತು, ತಿಜೋರಿ ಬಂತು. ನಮ್ಮ ಫೋನಲ್ಲಿ ಮಾತ್ರ ಸೊನ್ನೆ ತೋರಿಸ್ತಿದೆ. ನಮ್ಮ ಹತ್ರ ಏನು ಮುಚ್ಚುಮರೆ? ಈಗ ನಿಜವಾಗ್ಲೂ ಎಷ್ಟಿದೆ?"

"ಸತ್ಯವಾಗ್ಲೂ ನನಗೆ ಗೊತ್ತಿಲ್ಲಪ್ಪ," ಎಂದ ಬೀಗಣ್ಣ. ಆ ವಿಷಯದಲ್ಲಿ ಅವನು ಆಡಿದ ಮೊದಲನೇ ನಿಜ ಅದು. ಆಡುವಾಗ ಕಣ್ಣಂಚು ಒದ್ದೆಯಾಯಿತು ಕೂಡ.

ಸಲೂನಿನವನು ಕತ್ತಿ ಎತ್ತಿ ಹಿಂದೆ ಸರಿದ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡ್ರಪ್ಪಾ, ಗುಟ್ಟು ಅಂದ್ರೆ ಇದು!" ಎಂದರು ಮುದುಕರು ಎದ್ದು ನಿಂತು. "ಕತ್ತಿ ಕುತ್ತಿಗೆ ಮೇಲಿದ್ರೂ ಬಾಯಿ ಬಿಡಲಿಲ್ಲ!"

ಮೂವರೂ ಭಕ್ತಿಯಿಂದ ತಲೆದೂಗಿದರು. ಬೀಗಣ್ಣ ನೊರೆ ಒರೆಸಿಕೊಂಡು ಎದ್ದು, ಬೆಳಿಗ್ಗೆ ಹೆಂಡತಿ ಎಣಿಸಿ ಕೊಟ್ಟಿದ್ದ ಕ್ಷೌರದ ಕಾಸನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.